ಹಿಂದಿನ ಗಾಲಿಯ ನಿಂಬೆಹಣ್ಣು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಕೊಟ್ಟೂರಿನ ನನ್ನ ತವರಿನವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಸಿಟ್ಟು ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೆದರಿಕೆ ಇರಲಿಲ್ಲ. ಹಿತ್ತಲಲ್ಲಿ ಹಾವು ಕಂಡರೆ ಉಳಿದವರು ಒಳಗೆ ಓಡುತ್ತಿದ್ದರು, ನಾನು ಕೋಲು ಹುಡುಕುತ್ತಿದ್ದೆ. ಅಂಥ ನನಗೆ ಜೀವ ಬಾಯಿಗೆ ಬರುವುದು ಅಂದರೆ ಏನು ಎಂದು ಕಲಿಸಿದ್ದು ಒಂದು ಗಾಡಿ. ಗಣಿಯಲ್ಲಿ ಅದಿರು ಹೊರುವ ಗಾಡಿ, ಡಂಪರ್.

ನಮ್ಮ ಮನೆಯವರು ಮೊದಲು ಕೊಟ್ಟೂರಿನ ಸಾವುಕಾರರೊಬ್ಬರ ಲಾರಿ ಓಡಿಸುತ್ತಿದ್ದರು. ಶೇಂಗಾ, ಹತ್ತಿ ತುಂಬಿಕೊಂಡು ಹರಪನಹಳ್ಳಿ ದಾಟಿ ದಾವಣಗೆರೆಗೆ ಹೋಗುವುದು, ಖಾಲಿ ಲಾರಿ ತರುವುದು. ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ಕೂಡ್ಲಿಗಿಯಾಚೆ, ಸಂಡೂರಿನ ಗುಡ್ಡಗಳ ಕಡೆ, ಒಂದು ಗಣಿಯವರು ದೊಡ್ಡ ಗಾಡಿಗೆ ಡ್ರೈವರ್‌ಗಳನ್ನು ತೆಗೆದುಕೊಳ್ಳುತ್ತಾರಂತೆ ಎಂಬ ಸುದ್ದಿ ಬಂತು. ಇವರು ಹೋದರು, ಕೆಲಸ ಸಿಕ್ಕಿತು, ಕಲಿತರು. ಆಮೇಲೆ ನನ್ನನ್ನೂ ಅತ್ತೆಯನ್ನೂ ಗುಡ್ಡದ ಬುಡದ ಕ್ಯಾಂಪಿಗೆ ಕರೆದುಕೊಂಡು ಹೋದರು. ತಗಡಿನ ಮನೆ, ಕೆಂಪು ಧೂಳು. ಬೆಳಿಗ್ಗೆ ಬಿಳಿ ಪಂಚೆ ಒಣಹಾಕಿದರೆ ಮಧ್ಯಾಹ್ನಕ್ಕೆ ಕಾವಿ ಬಟ್ಟೆಯಾಗುತ್ತಿತ್ತು. "ಸನ್ಯಾಸಿ ಆಗೂದು ಇಲ್ಲೆ ಭಾಳ ಸಲೀಸು ನೋಡ್ರಿ" ಎಂದು ನಾನು ಚುಚ್ಚುತ್ತಿದ್ದೆ.

ಬಂದ ಮರುದಿನವೇ "ಬಾ, ನನ್ನ ಗಾಡಿ ತೋರಸ್ತೀನಿ" ಎಂದು ಶೆಡ್ಡಿಗೆ ಕರೆದುಕೊಂಡು ಹೋದರು. ನನ್ನ ಮನಸ್ಸಿನಲ್ಲಿ ಇದ್ದದ್ದು ಲಾರಿ, ಒಂದಿಷ್ಟು ದೊಡ್ಡ ಲಾರಿ. ಶೆಡ್ಡಿನ ಮೂಲೆ ತಿರುಗಿದರೆ ಹಳದಿ ಬಣ್ಣ ಬಳಿದ ಎಂಥದೋ ಮನೆ ನಿಂತಿತ್ತು.

"ಇದ್ಯಾರ ಮನಿ? ನಿಮ್ಮ ಗಾಡಿ ಎಲ್ಲೈತ್ರಿ?" ಎಂದೆ.

ಅವರು ಬಿದ್ದು ಬಿದ್ದು ನಕ್ಕರು. ಆಗ ನನಗೆ ಗಾಲಿ ಕಂಡಿತು. ಅಯ್ಯೋ ದೇವರೇ! ನಾನು ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಿಂತರೆ ಎಷ್ಟೋ, ಆ ಗಾಲಿ ಅಷ್ಟು ಎತ್ತರ. ಡ್ರೈವರ್ ಕೂರುವ ಗೂಡು ಮಹಡಿ ಮೇಲಿನ ಕೋಣೆಯ ಹಾಗೆ ಎಲ್ಲೋ ಮೇಲೆ, ಗಾಡಿಯ ಎಡಬದಿಗೆ. ಹತ್ತಲು ಕಬ್ಬಿಣದ ಏಣಿ. ಕಲ್ಲು ತುಂಬುವ ತೊಟ್ಟಿಯ ಅಂಚು ಗಾಲಿಗಳಿಂದ ಆಚೆಗೆ ಸೂರಿನಂತೆ ಚಾಚಿಕೊಂಡಿತ್ತು. ಮಳೆ ಬಂದರೆ ನಾಲ್ಕು ಜನ ಅದರ ಕೆಳಗೆ ನಿಲ್ಲಬಹುದಿತ್ತು.

ಅವತ್ತೇ ಅವರು ನನಗೆ ಇನ್ನೊಂದು ತೋರಿಸಿದರು. "ನೀ ಬಲಕ್ಕ ಹೋಗಿ ಗಾಲಿ ಹತ್ರ ನಿಂದ್ರು, ಕೈ ಬೀಸು" ಎಂದು ಹೇಳಿ ಏಣಿ ಹತ್ತಿ ಕೂತರು. ನಾನು ನಿಂತೆ. ಕೈ ಬೀಸಿದೆ. ಸೆರಗು ಹಿಡಿದು ಬೀಸಿದೆ. ಮೇಲಿನಿಂದ ದನಿ ಬಂತು: "ಎಲ್ಲದೀ?"

"ಇಲ್ಲೇ ಅದೀನಲ್ರಿ!"

"ಎಲ್ಲಿ? ನನಗ ಕಾಣವಲ್ಲಿ."

ನನ್ನ ಮೈ ಜುಂ ಎಂದಿತು. ಗಂಡ ಮೇಲೆ ಕೂತಿದ್ದಾನೆ, ಹೆಂಡತಿ ಅವನ ಗಾಲಿಗೆ ಅಂಟಿಕೊಂಡು ನಿಂತಿದ್ದಾಳೆ, ಅವನ ಕಣ್ಣಿಗೆ ಅವಳಿಲ್ಲ! ಗಾಡಿ ಅಷ್ಟು ಅಗಲ, ಅಷ್ಟು ಎತ್ತರ. ಬಲಗಡೆ ಬುಡದಲ್ಲಿ ಯಾರಿದ್ದರೂ ಡ್ರೈವರ್‌ಗೆ ತಿಳಿಯುವುದಿಲ್ಲ. ಅದಕ್ಕೇ ಗಣಿಯೊಳಗೆ ಓಡಾಡುವ ಜೀಪುಗಳಿಗೆ ಉದ್ದನೆಯ ಗಳ ಕಟ್ಟಿ ತುದಿಯಲ್ಲಿ ಕೆಂಪು ಬಾವುಟ ಹಾಕಿರುತ್ತಾರೆ ಎಂದು ಶೆಡ್ಡಿನ ಮೇಸ್ತ್ರಿ ಹೇಳಿದರು. ಕೂಡ್ಲಿಗಿಯ ವಯಸ್ಸಾದ ಸಾಬರು ಅವರು, ಇಂಜಿನ್ ಬಿಚ್ಚಿ ಕಟ್ಟುವುದರಲ್ಲೇ ಗಡ್ಡ ಬೆಳ್ಳಗಾದವರು, ಕ್ಯಾಂಪಿಗೆಲ್ಲ ಚಾಚಾ. "ಜೀಪು ಕಾಣದಿದ್ರೂ ಬಾವುಟ ಕಾಣತೈತಿ ತಂಗೀ. ಗಾಡಿ ಬಿಡೂಕಿಂತ ಮುಂಚೆ ಹಾರ್ನ್ ಹೊಡೀತಾರ, ಅದು ಕೇಳಿದ್ರ ಯಾರಾದ್ರೂ ಆಗಲಿ ದೂರ ಓಡಬೇಕು" ಎಂದರು.

"ಹಂಗಾದ್ರ ನಾನೂ ತಲಿಗೊಂದು ಬಾವುಟ ಕಟ್ಕಂಡು ಅಡ್ಡಾಡಲೇನು ಚಾಚಾ?" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಅವತ್ತು ಅನ್ನ ಒಳಗಿಳಿಯಲಿಲ್ಲ.

ಅತ್ತೆಯ ವಿಷಯ ಹೇಳಬೇಕು. ಅತ್ತೆ ಮಾಗಳದವರು, ಹೊಳೆದಂಡೆಯ ಊರಿನವರು. ಮಗ ತೊಟ್ಟಿಲಲ್ಲಿರುವಾಗಲೇ ಗಂಡನನ್ನು ಕಳೆದುಕೊಂಡರು. ಎತ್ತಿನ ಗಾಡಿ ತಾವೇ ಹೂಡಿ, ಬಾಡಿಗೆಗೆ ಹೊಡೆದು, ಒಬ್ಬನೇ ಮಗನನ್ನು ಸಾಕಿದರು. ಅಂಥ ಗಟ್ಟಿ ಹೆಂಗಸು. ಆದರೆ ಶುಭಕಾರ್ಯ ಅಂದರೆ ಸಾಕು, ಗೋಡೆಯ ಹಿಂದೆ ಸರಿಯುತ್ತಿದ್ದರು. ಮದುವೆಯಲ್ಲಿ ಅಡುಗೆಮನೆ, ಸೀಮಂತದಲ್ಲಿ ಹಿತ್ತಲು. ಆರತಿಯ ಹತ್ತಿರ ಬರುತ್ತಿರಲಿಲ್ಲ. ಯಾರೂ ಬಾ ಎನ್ನುತ್ತಲೂ ಇರಲಿಲ್ಲ. ನನಗೆ ಮೈ ಉರಿಯುತ್ತಿತ್ತು. "ಗಾಡಿ ಹೊಡಿಯಾಕ ಬಂದ ಕೈ ಆರತಿ ಹಿಡಿಯಾಕ ಬರಲ್ಲೇನ್ರಿ ಅತ್ತೀ?" ಎಂದರೆ "ನಿನ್ನ ಬಾಯಿಗೆ ಕೀಲಿ ಹಾಕ್ಕ ತಾಯಿ" ಎಂದು ಎದ್ದು ಹೋಗುತ್ತಿದ್ದರು.

ಅವರದೊಂದು ನೇಮ ಇತ್ತು. ಆಯುಧಪೂಜೆಗೆ ಎಲ್ಲರೂ ಗಾಡಿಯ ಮುಂದಿನ ಗಾಲಿಗೆ ನಿಂಬೆಹಣ್ಣು ಇಟ್ಟು ಹಾಯಿಸುತ್ತಾರಲ್ಲ, ಅತ್ತೆಗೆ ಅದು ಸಾಲದು. ಹಿಂದಿನ ಗಾಲಿಗೂ ಇಡಬೇಕು. "ಭಾರ ಹೊರೂದು ಹಿಂದಿನ ಗಾಲಿ, ಹಣ್ಣು ಮಾತ್ರ ಮುಂದಿಂದಕ್ಕ. ಇದ್ಯಾವ ನ್ಯಾಯ?" ಎನ್ನುತ್ತಿದ್ದರು. ಲಾರಿ ಇದ್ದಾಗ ಎಲ್ಲರೂ ಮುಂದೆ ಆರತಿ ಬೆಳಗುವಾಗ ಅತ್ತೆ ಹಿಂದೆ ಹೋಗಿ, ಯಾರಿಗೂ ಕಾಣದ ಹಾಗೆ, ಹಿಂದಿನ ಗಾಲಿಗಳ ಮುಂದೆ ಒಂದೊಂದು ಹಣ್ಣಿಟ್ಟು ಸರಿದು ನಿಲ್ಲುತ್ತಿದ್ದರು. ಲಾರಿಯ ಕನ್ನಡಿಯಲ್ಲಿ ಮಗನಿಗೆ ಅವ್ವ ಕಾಣುತ್ತಿದ್ದಳು. ಅವ್ವ ಸರಿದ ಮೇಲೆ ಅವರು ಲಾರಿ ಬಿಡುತ್ತಿದ್ದರು. ಹಾಗೇ ನಡೆದುಕೊಂಡು ಬಂದಿತ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯವರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ನಾನು ಹೆಂಡತಿ, ನಾನು ಹೆಸರು ಹಿಡಿಯುವ ಹಾಗಿಲ್ಲ. ಮದುವೆಯಲ್ಲಿ ಒಡಪು ಕಟ್ಟಿ ಹೆಸರು ಹೇಳು ಎಂದು ಹೆಂಗಸರು ಗಂಟುಬಿದ್ದಾಗ ಎಷ್ಟು ಮೆಲ್ಲಗೆ ಗೊಣಗಿದೆ ಅಂದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸಲಿಲ್ಲ. ಆಮೇಲೆ "ಏನ್ರೀ" ಒಂದೇ. ಅತ್ತೆಯಾದರೂ ಕರೆಯಬಹುದಿತ್ತಲ್ಲ, ಹೆತ್ತ ತಾಯಿ? ಅದೂ ಇಲ್ಲ. ಮಗನಿಗೆ ಇಟ್ಟದ್ದು ಅತ್ತೆಯ ಮಾವನ ಹೆಸರು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ತರುವುದುಂಟೇ? ಹುಟ್ಟಿದಾಗಿನಿಂದ ಮಗನನ್ನು "ತಮ್ಮಾ" ಎಂದೇ ಕರೆದವರು. ಅಂತೂ ಹೆಣ್ಣುದನಿಯಲ್ಲಿ ತನ್ನ ಹೆಸರು ಹೇಗೆ ಕೇಳಿಸುತ್ತದೆ ಎಂದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ.

ಕ್ಯಾಂಪಿನಲ್ಲಿ ಮೊದಲ ಆಯುಧಪೂಜೆ ಬಂತು. ಡಂಪರುಗಳನ್ನೆಲ್ಲ ತೊಳೆದು ಶೆಡ್ಡಿನ ಮುಂದೆ ಸಾಲಾಗಿ ನಿಲ್ಲಿಸಿದ್ದರು. ಬಾಳೆಕಂದು ಕಟ್ಟಿದರೆ ಆ ಗಾಡಿಗೆ ಗರಿಕೆ ಸಿಗಿಸಿದಷ್ಟು ಕಾಣುತ್ತಿತ್ತು. ಚೆಂಡುಹೂವಿನ ಮಾಲೆ ಎಷ್ಟು ಉದ್ದ ಕಟ್ಟಿದರೂ ಸಾಲದೆ ಹೆಂಗಸರೆಲ್ಲ ಕೈಸೋತು ಕೂತಿದ್ದೆವು. ಡ್ರೈವರ್‌ಗಳ ಹೆಂಡಂದಿರು ಹೊಸ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ಬಂದಿದ್ದರು. ಅತ್ತೆ ಬೆಳಿಗ್ಗೆಯೇ ಸೆರಗಿನಲ್ಲಿ ಏನೋ ಗಂಟು ಕಟ್ಟಿಕೊಂಡಿದ್ದನ್ನು ನೋಡಿದ್ದೆ. ಎಲೆ ಅಡಿಕೆ ಇರಬೇಕು ಅಂದುಕೊಂಡೆ. ಅವರು ಬಲಗಡೆ, ದೂರದ ಬೇವಿನ ಮರದ ಕೆಳಗೆ ಕೂತರು. "ಮುಂದ ಬರ್ರಿ ಅತ್ತೀ" ಎಂದೆ. "ಇಲ್ಲಿಂದ ಚೊಲೋ ಕಾಣತೈತಿ, ನೀ ಹೋಗು" ಎಂದರು. ನಾನು ಸಿಟ್ಟಿನಿಂದ ಹೋದೆ.

ಪೂಜೆ ಆಯಿತು. ಕುಂಬಳಕಾಯಿ ಒಡೆದರು. ಚಾಚಾ ನಮ್ಮ ಗಾಡಿಯ ಮುಂದಿನ ಎರಡೂ ಗಾಲಿಗೆ ನಿಂಬೆಹಣ್ಣು ಒತ್ತಿಟ್ಟು, ಎಡಗಡೆ ಬಂದು ನಿಂತು ಮೇಲೆ ನೋಡಿದರು. ನಾನು ಆರತಿ ಬೆಳಗಿ, ಉಳಿದ ಹೆಂಗಸರ ಜೊತೆ ಮುಂದೆ ದೂರ ಸರಿದು ಬಲಗಡೆಗೆ ನಿಂತೆ. ನಮ್ಮ ಮನೆಯವರು ಇಂಜಿನ್ ಶುರುಮಾಡಿ ಹಾರ್ನ್ ಹೊಡೆದರು. ಹಬ್ಬವಲ್ಲವೇ, ಸಾಲಿನಲ್ಲಿದ್ದ ಗಾಡಿಗಳೆಲ್ಲ ಹಾರ್ನ್ ಹೊಡೆದವು. ಕಿವಿ ಗುಂಯ್ ಎಂದಿತು. ದಿನಾ ಆ ಹಾರ್ನ್ ಕೇಳಿದರೆ ಓಡಬೇಕು ಎನ್ನುವ ಜನ ಅವತ್ತು ಅದನ್ನು ಕೇಳಿ ಕುಣಿಯುತ್ತಿದ್ದರು. ಆ ಗದ್ದಲದಲ್ಲಿ ಬೇವಿನ ಮರದ ಕಡೆ ಹೊರಳಿ ನೋಡಿದೆ. ಅತ್ತೆಯ ಕೈಚೀಲ ಇತ್ತು, ಅತ್ತೆ ಇರಲಿಲ್ಲ.

ಸೆರಗಿನ ಗಂಟು ನೆನಪಾಯಿತು.

ಗಾಡಿಯ ಬಲಮಗ್ಗುಲಿಗೆ ಕಣ್ಣು ಹಾಯಿಸಿದೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ, ಆ ತೊಟ್ಟಿಯ ಅಂಚಿನ ಕೆಳಗೆ, ಅತ್ತೆ ನಿಂತಿದ್ದರು. ಬಗ್ಗಿಯೂ ಇರಲಿಲ್ಲ. ಆ ಗಾಡಿಯ ಕೆಳಗೆ ಬಗ್ಗುವ ಅಗತ್ಯವೇ ಇರಲಿಲ್ಲ. ಕಂದು ಬಣ್ಣದ ಇಳಕಲ್ ಸೀರೆ, ನಮ್ಮ ಕಡೆ ಬೆನ್ನು. ಹಿಂದಿನ ಗಾಲಿಯ ಮುಂದೆ ಹಣ್ಣು ಇಟ್ಟಾಗಿತ್ತು. ಗಾಲಿಯ ಮೇಲೆ ಎರಡೂ ಅಂಗೈ ಊರಿ, ಅದಕ್ಕೆ ಹಣೆ ಹಚ್ಚಿ ಏನೋ ಬೇಡಿಕೊಳ್ಳುತ್ತಿದ್ದರು. ಆ ಗಾಲಿ ಇನ್ನೊಂದು ಚಣಕ್ಕೆ ಉರುಳಬೇಕಿತ್ತು. ಉರುಳಿಸುವವನು ಅವರ ಮಗ. ಅವನಿಗೆ ಅವರು ಕಾಣುವುದಿಲ್ಲ. ಈ ಗಾಡಿಯಲ್ಲಿ ಅವ್ವ ಕಾಣುವುದಿಲ್ಲ ಎಂದು ಅತ್ತೆಗೆ ನಾನು ಹೇಳಿರಲಿಲ್ಲ, ಮಗ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಪೂಜೆಯ ಹತ್ತಿರ ಬಾರದವರಿಗೆ ಹೇಳಬೇಕು ಎಂದು ಯಾರಿಗೂ ಹೊಳೆದೇ ಇರಲಿಲ್ಲ!

"ಏನ್ರೀ!" ಎಂದು ಕಿರುಚಿದೆ. ಅಲ್ಲಿದ್ದ ಹೆಂಗಸರೆಲ್ಲ ಏನ್ರೀ ಎನ್ನುವವರೇ. "ಚಾಚಾ! ನಿಂದರಸ್ರೀ!" ಎಂದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿ, ಅವರೂ ಕಂಡು "ಹೋ ಹೋ" ಎಂದು ಕೂಗತೊಡಗಿದರು. ಹುರುಪಿಗೆ ಕೂಗುವುದೂ "ಹೋ ಹೋ", ಗಾಬರಿಗೆ ಕೂಗುವುದೂ "ಹೋ ಹೋ". ಚಾಚಾ ನಗುತ್ತಾ ಕೈ ಎತ್ತಿ ಮುಂದೆ ಬಾ ಎಂದು ಬೀಸಿದರು. ಬ್ರೇಕ್ ಬಿಟ್ಟ ಗಾಳಿ ಉಸ್ಸೆಂದಿತು.

ನನ್ನ ಕೈಯಿಂದ ಆರತಿ ತಟ್ಟೆ ಬಿತ್ತು. ಹೊಟ್ಟೆಯ ಬುಡದಿಂದ ಅವರ ಹೆಸರು ಬಂತು. ನಾನು ಕರೆಯಬೇಕು ಅಂದುಕೊಂಡು ಕರೆದದ್ದಲ್ಲ. ಬಂತು ಅಷ್ಟೆ. ಪೂರ್ತಿ ಹೆಸರು, ಗುಡ್ಡಕ್ಕೆ ಬಡಿದು ವಾಪಸು ಬರುವ ಹಾಗೆ.

ಗಾಡಿ ಗಕ್ಕನೆ ನಿಂತಿತು.

ಆಮೇಲೆ ಒಂದೊಂದಾಗಿ ಹಾರ್ನುಗಳು ನಿಂತವು. ನಾನು ಓಡಿದೆನೋ, ನಡೆದೆನೋ, ನನಗೆ ನೆನಪಿಲ್ಲ. ಅಲ್ಲಿ ಮುಟ್ಟಿದಾಗ ನನ್ನ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಗಾಲಿ ಒಂದು ಗೇಣು ಉರುಳಿತ್ತು. ನಿಂಬೆಹಣ್ಣು ಚಪ್ಪಟೆಯಾಗಿ ನೆಲಕ್ಕೆ ಅಂಟಿತ್ತು. ಅತ್ತೆ ಹಿಂದಕ್ಕೆ ಬಿದ್ದು ಕೂತಿದ್ದರು, ಅವರ ಹೆಬ್ಬೆರಳ ಉಗುರಿಗೂ ಗಾಲಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ. ಪಾದದ ಮೇಲೆಲ್ಲ ಹುಳಿರಸ. ಸೆರಗಿನ ತುದಿ ಗಾಲಿಯ ಕೆಳಗೆ ಸಿಕ್ಕಿತ್ತು. ಚಾಚಾ ಬಂದು ನೋಡಿದವರೇ "ಯಾ ಅಲ್ಲಾ" ಎಂದರು. ಗಾಡಿಯನ್ನು ಹಿಂದೆ ಸರಿಸಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಚಾಚಾ ಬಗ್ಗಿ, ಸೆರಗನ್ನು ಹರಿದು ಅತ್ತೆಯನ್ನು ಬಿಡಿಸಿದರು. ನಾನು ಬಾಚಿ ತಬ್ಬಿಕೊಂಡೆ.

ಸಾವಿನ ಬಾಯಿಂದ ಬಂದ ಆ ಹೆಂಗಸು ಮೊದಲು ಕೇಳಿದ್ದೇನು ಗೊತ್ತೇ?

"ನಮ್ಮ ಮಾವನ ಹೆಸರು ಯಾರಬೇ ಕೂಗಿದ್ದು?"

ಹಾಗೆಂದು ಹರಿದ ಸೆರಗನ್ನೇ ತಲೆಯ ಮೇಲೆ ಎಳೆದುಕೊಂಡರು. ನನಗೆ ಅಳು ಬಂತೋ ನಗು ಬಂತೋ! ಸತ್ತು ಎಷ್ಟೋ ಕಾಲವಾದ ಮಾವನಿಗೆ ಮರ್ಯಾದೆ ಕೊಡುತ್ತಿದ್ದಾರೆ, ಗಾಲಿ ಇನ್ನೂ ಕಾಲಬುಡದಲ್ಲಿದೆ.

ನಮ್ಮ ಮನೆಯವರು ಏಣಿ ಇಳಿದು ಬಂದರು. ಏನಾಗಿದೆ ಎಂದು ಅವರಿಗೆ ಇನ್ನೂ ತಿಳಿದಿರಲಿಲ್ಲ. ಗಾಡಿ ಸುತ್ತಿ ಬಂದು ಅವ್ವನನ್ನು ನೋಡಿದರು, ಹರಿದ ಸೆರಗು ನೋಡಿದರು, ಗಾಲಿಯ ಕೆಳಗೆ ಉಳಿದ ಕಂದು ಬಟ್ಟೆಯ ತುಂಡು ನೋಡಿದರು. ಮುಖ ಬೂದಿಯಾಯಿತು. ಅಲ್ಲೇ ಅವ್ವನ ಕಾಲ ಹತ್ತಿರ ಕೂತು, ಪಾದದ ಮೇಲಿನ ಹುಳಿರಸವನ್ನು ಅಂಗೈಯಿಂದ ಒರೆಸಿದರು. ಒರೆಸಿದ್ದನ್ನೇ ಒರೆಸುತ್ತಿದ್ದರು. "ಸಾಕು ಬಿಡು ತಮ್ಮಾ, ಏನೂ ಆಗಿಲ್ಲ" ಎಂದು ಅತ್ತೆಯೇ ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು.

ಸಂಜೆ ಅವರು ನನಗೆ ಹೇಳಿದರು: "ಎಲ್ಲಾರೂ ಕೂಗಾಕತ್ತಿದ್ರು. ಹೋಗು ಅಂತಾರ ಅಂದ್ಕಂಡೆ. ಆಮ್ಯಾಲೆ ನನ್ನ ಹೆಸರು ಕೇಳಿಸ್ತು. ಹೆಣಮಗಳ ದನಿ. ಅದು ಹಬ್ಬಕ್ಕ ಬರೂ ದನಿ ಅಲ್ಲ ಅಂತ ಕಾಲಿಗೇ ಗೊತ್ತಾತು ನೋಡು. ನನಗ ಗೊತ್ತಾಗೂಕಿಂತ ಮುಂಚೆ ಕಾಲು ಬ್ರೇಕಿನ ಮ್ಯಾಲಿತ್ತು." ಆಮೇಲೆ "ಇನ್ನೊಮ್ಮೆ ಕರಿ ನೋಡೋಣು" ಎಂದರು. ನಾನು ಪ್ರಯತ್ನಿಸಿದೆ. ದೇವರಾಣೆ, ನಾಲಿಗೆ ಹೊರಳಲಿಲ್ಲ.

ಅತ್ತೆ ನನ್ನ ಜೊತೆ ಮಾತು ಬಿಟ್ಟರು. ರೊಟ್ಟಿ ಬಡಿಯುತ್ತಾರೆ, ನೀರು ತರುತ್ತಾರೆ, ಮಾತಿಲ್ಲ. ಮೊದಲು ಪಾಪ ಹೆದರಿದ್ದಾರೆ ಅಂದುಕೊಂಡೆ. ಆಮೇಲೆ ನನಗೂ ತಲೆ ಕೆಟ್ಟಿತು. ಜೀವ ಉಳಿಸಿದ್ದಕ್ಕೆ ಇದೇನು ಮರ್ಯಾದೆ? ಒಂದು ಮಧ್ಯಾಹ್ನ ಒಲೆಯ ಮುಂದೆ ಕೂತವರನ್ನು ತಡೆದು ಕೇಳಿಯೇಬಿಟ್ಟೆ.

"ಹೆಸರು ಹಿಡದದ್ದು ತಪ್ಪೇನ್ರಿ ಅತ್ತೀ? ನಾ ಸುಮ್ಮಕ ಇರಬೇಕಿತ್ತಾ?"

"ನಿನ್ನ ತಪ್ಪು ಅಂತ ಯಾರಂದ್ರು?" ಎಂದರು, ಹಂಚಿನ ಮೇಲಿಂದ ಕಣ್ಣೆತ್ತದೆ. "ನನ್ನ ಮಗನ ಗಾಲಿಗೆ ನನ್ನ ರಕ್ತ ಬೀಳತಿತ್ತು. ಹಬ್ಬದ ದಿನ. ನಾ ಸತ್ತಿದ್ರ ಸತ್ತಿದ್ದೆ. ಅವ ಹೆಂಗ ಬದುಕತಿದ್ದ? ಅದ ತಲಿಯಾಗ ತಿರಗತೈತಿ. ಮಾತ ಹೊಳಿವಲ್ದು."

ಆದರೂ ಬಿಡಲಿಲ್ಲ. "ಮತ್ತ ಹಿಂದ ಯಾಕ ಹೋಗಬೇಕಿತ್ತು? ಮುಂದ ಬರಬಾರದಾಗಿತ್ತಾ?"

"ಮುಂದ ಬರೂದು ನಮಗಿಲ್ಲಲ್ಲ ಯವ್ವಾ."

"ಇಲ್ಲ ಅಂತ ಯಾರಂದ್ರು?"

ಅತ್ತೆ ರೊಟ್ಟಿ ತಿರುವಿ ಹಾಕಿದರು. "ಹೌದು ಅಂತ ಯಾರಂದ್ರು?" ಎಂದರು.

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಆ ಮನೆಯಲ್ಲಿ ಅವರನ್ನು ಅಣಕಿಸಿದ್ದೆ, ರೇಗಿಸಿದ್ದೆ. ಕೈ ಹಿಡಿದು ಮುಂದೆ ಎಳೆದುಕೊಂಡು ಬಂದವರು ಮಾತ್ರ ಯಾರೂ ಇರಲಿಲ್ಲ.

ಮುಂದಿನ ವರ್ಷದ ಆಯುಧಪೂಜೆಗೆ ನಾನು ಬೇವಿನ ಮರದ ಹತ್ತಿರ ಹೋಗಿ ಅತ್ತೆಯ ರಟ್ಟೆ ಹಿಡಿದೆ. ಅವರು ಕೊಸರಿದರು. ನಾನು ಬಿಡಲಿಲ್ಲ. ಗಾಡಿಯ ಮುಂದೆ, ಡ್ರೈವರ್‌ಗೆ ಚೆನ್ನಾಗಿ ಕಾಣುವಷ್ಟು ದೂರದಲ್ಲಿ ತಂದು ನಿಲ್ಲಿಸಿ, ಆರತಿ ತಟ್ಟೆ ಕೈಗೆ ಕೊಟ್ಟೆ. ಹಿಂದೆ ಯಾರೋ ಪಿಸುಗುಟ್ಟಿದರು. "ಯಾರಿಗೇನು ಅನಬೇಕೋ ನನ್ನ ಮುಂದ ಬಂದು ಅನ್ರಿ" ಎಂದು ತಿರುಗಿ ನಿಂತೆ. ಯಾರೂ ಬರಲಿಲ್ಲ. ಅತ್ತೆ ಮಗನ ಗಾಡಿಗೆ ಆರತಿ ಬೆಳಗಿದರು. ಹಿಂದಿನ ಗಾಲಿಗಳಿಗೆ ಚಾಚಾ ತಾವೇ ನಿಂಬೆಹಣ್ಣು ಇಟ್ಟು, ಗಾಡಿ ಸುತ್ತ ಒಂದು ಸುತ್ತು ಬಂದು, ಎಲ್ಲರನ್ನೂ ಮುಂದೆ ಕರೆದು ನಿಲ್ಲಿಸಿದ್ದರು. ಹಾರ್ನ್ ಯಾರೂ ಹೊಡೆಯಬಾರದು ಎಂದೂ ಹೇಳಿದ್ದರು.

ಮೇಲೆ ನಮ್ಮ ಮನೆಯವರು ಕೂತಿದ್ದರು. ಇಂಜಿನ್ ಗುರುಗುಟ್ಟುತ್ತಿತ್ತು. ಗಾಡಿ ಬಿಡಲಿಲ್ಲ. ಚಾಚಾ ಕೈ ಬೀಸಿದರು, ಬಿಡಲಿಲ್ಲ. ಇನ್ನೊಮ್ಮೆ ಬೀಸಿದರು. ಇವರ ಕೈ ಸ್ಟಿಯರಿಂಗ್ ಮೇಲೆ ಹಾಗೇ ಇತ್ತು, ಕಣ್ಣು ಮಾತ್ರ ಬಲಗಡೆಯ ಬುಡವನ್ನೇ ನೋಡುತ್ತಿತ್ತು, ಅಲ್ಲಿ ಏನೂ ಕಾಣುವುದಿಲ್ಲ ಎಂದು ಗೊತ್ತಿದ್ದೂ.

"ಕರಿ, ಅವನ್ನ ಕರಿ" ಎಂದು ಅತ್ತೆ ನನ್ನನ್ನು ತಿವಿದರು. ನಾನು ಬಾಯಿ ತೆರೆದೆ. ಅಷ್ಟು ಜನರ ಮುಂದೆ ಸುಡುಗಾಡು ನಾಚಿಕೆ! ದನಿ ಹೊರಡಲಿಲ್ಲ.

ಅತ್ತೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡರು. ಒಂದು ಹೆಜ್ಜೆ ಮುಂದೆ ಹೋಗಿ, ಕತ್ತೆತ್ತಿ, ತಮ್ಮ ಮಾವನ ಹೆಸರನ್ನು, ತಮ್ಮ ಮಗನ ಹೆಸರನ್ನು, ಬಾಯಿ ತುಂಬ ಕರೆದರು.

"ನಾ ಇಲ್ಲೇ ಮುಂದ ಅದೀನೋ. ಗಾಡಿ ಬಿಡು!"

ಆ ಎತ್ತರದ ಕಿಟಕಿಯಿಂದ ತಲೆ ಹೊರಗೆ ಬಂತು. ಹುಟ್ಟಿದಾಗಿನಿಂದ ಅವ್ವನ ಬಾಯಲ್ಲಿ ಕೇಳದ ತನ್ನ ಹೆಸರಿಗೆ, ನಡುವಯಸ್ಸಿನ ಆ ಮನುಷ್ಯ, ಶಾಲೆಯ ಹುಡುಗನ ಹಾಗೆ "ಓ" ಎಂದ.